ಜಾಗ ಜಂಟಿ ಅಭಿವೃದ್ಧಿಗೆ ಕೊಡುವ ಮುನ್ನ: ಸಲಹೆಗಾರರ ತಂಡದಲ್ಲಿ ಯಾರ್ಯಾರು ಇರಬೇಕು, ಅವರಿಗೆ ಏನೇನು ಗೊತ್ತಿರಬೇಕು

ಜಂಟಿ ಅಭಿವೃದ್ಧಿ ಎಂದರೆ ಜಾಗ ನಿಮ್ಮದು, ಕಟ್ಟುವುದು ಬಿಲ್ಡರ್, ಕಟ್ಟಡದಲ್ಲಿ ಇಬ್ಬರಿಗೂ ಪಾಲು. ಬೆಂಗಳೂರಿನ ಸುತ್ತಮುತ್ತ ಒಂದೆರಡು ಎಕರೆ ಉಳಿಸಿಕೊಂಡಿರುವ ಕುಟುಂಬಗಳ ಬಳಿಗೆ ಎಷ್ಟೋ ಸಲ ಬಿಲ್ಡರ್‌ಗಿಂತ ಮೊದಲು ಬರುವುದು ‘ಡೆವಲಪ್‌ಮೆಂಟ್ ಅಡ್ವೈಸರಿ’ ಎಂದು ಹೇಳಿಕೊಳ್ಳುವ ತಂಡ. ಅವರು ಕೊಡುವ ಪುಸ್ತಿಕೆಯಲ್ಲಿ ಆರೇಳು ಫೋಟೊ ಇರುತ್ತವೆ. ಕೆಳಗೆ ಎಂಬಿಎ, ಇಷ್ಟು ವರ್ಷದ ಅನುಭವ, ಇಷ್ಟು ಲಕ್ಷ ಚದರಡಿ ಎಂಬ ವಿವರ. ಇದನ್ನು ಎಷ್ಟು ಸಲ ಓದಿದರೂ ತಂಡ ಗಟ್ಟಿಯೋ ಜೊಳ್ಳೋ ತಿಳಿಯುವುದಿಲ್ಲ. ಕೇಳಬೇಕಾದದ್ದು ಇಷ್ಟು: ಈ ಆರೇಳು ಜನರಲ್ಲಿ ಯಾರು ಯಾವ ಕಾಗದ ಓದುತ್ತೀರಿ? ಓದಿದ ಮೇಲೆ ಹೆಸರು, ನೋಂದಣಿ ಸಂಖ್ಯೆ ಹಾಕಿ ಸಹಿ ಮಾಡಿಕೊಡುತ್ತೀರಾ?

ಸಹಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ವಕೀಲರ ಮೇಲೆ ಬಾರ್ ಕೌನ್ಸಿಲ್ ಇದೆ. ವಾಸ್ತುಶಿಲ್ಪಿಗಳ ಮೇಲೆ 1972ರ ಕಾಯ್ದೆಯಡಿ ರಚನೆಯಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದೆ. ಲೆಕ್ಕಪರಿಶೋಧಕರ ಮೇಲೆ ಅವರ ಸಂಸ್ಥೆ, ನೋಂದಾಯಿತ ಮೌಲ್ಯಮಾಪಕರ ಮೇಲೆ ಕೇಂದ್ರದ ದಿವಾಳಿ ಮಂಡಳಿ (ಐಬಿಬಿಐ) ಇದೆ. ಇವರು ಬೇಜವಾಬ್ದಾರಿಯಿಂದ ಬರೆದುಕೊಟ್ಟರೆ ದೂರು ಕೊಡಲು ಒಂದು ಜಾಗವಿದೆ, ಅವರ ಸನ್ನದಿಗೆ ಸಂಚಕಾರ ಬರುತ್ತದೆ. ‘ಅಡ್ವೈಸರ್’ ಎಂಬ ಹೆಸರಿಗೆ ಮಾತ್ರ ಅಂಥ ಕಾಯ್ದೆಯಿಲ್ಲ, ಪರೀಕ್ಷೆಯಿಲ್ಲ, ಪರವಾನಗಿಯಿಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ ಏಜೆಂಟರು ನೋಂದಾಯಿಸಿಕೊಳ್ಳಬೇಕು ನಿಜ, ಆದರೆ ಅದು ನೋಂದಾಯಿತ ಯೋಜನೆಯ ಫ್ಲ್ಯಾಟು, ನಿವೇಶನ ಮಾರಿಸುವ ಕೆಲಸಕ್ಕೆ. ನಿಮ್ಮ ಜಾಗವನ್ನು ಯಾವ ಬಿಲ್ಡರ್‌ಗೆ, ಯಾವ ಪಾಲಿಗೆ ಕೊಡಬೇಕೆಂದು ಹೇಳುವವರಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ತಂಡದ ಬೆಲೆಯನ್ನು ಅದರೊಳಗಿನ ಒಬ್ಬೊಬ್ಬರ ಕಸುಬಿನಿಂದ ಅಳೆಯಬೇಕು.

ಮೊದಲು ಸರ್ವೆಯರ್, ಆಮೇಲೆ ಮಿಕ್ಕವರು

ಬಹುತೇಕ ಪುಸ್ತಿಕೆಗಳಲ್ಲಿ ಸರ್ವೆಯರ್ ಫೋಟೊ ಇರುವುದೇ ಇಲ್ಲ. ನನ್ನ ಮಟ್ಟಿಗೆ ಬೆಂಗಳೂರಿನ ಅಂಚಿನ ಜಾಗಕ್ಕೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ. ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅಥವಾ ಪರವಾನಗಿ ಪಡೆದ ಭೂಮಾಪಕರು, ಇಬ್ಬರಲ್ಲಿ ಒಬ್ಬರಾದರೂ ತಂಡದಲ್ಲಿ ಇರಲೇಬೇಕು. ಟೋಟಲ್ ಸ್ಟೇಷನ್ ಯಂತ್ರ ಹಿಡಿದು ಅಳತೆ ಮಾಡುವ ಹುಡುಗರು ಎಲ್ಲೆಲ್ಲೂ ಸಿಗುತ್ತಾರೆ. ಹಳೆಯ ಟಿಪ್ಪಣಿ, ಅಂದರೆ ಸರ್ವೆ ನಂಬರಿನ ಮೂಲ ಅಳತೆಯ ನಕ್ಷೆ, ಓದಬಲ್ಲವರು ಸಿಗುವುದು ಕಷ್ಟ.

ಟಿಪ್ಪಣಿಯಲ್ಲಿ ಅಳತೆ ಇರುವುದು ಸರಪಳಿ ಮತ್ತು ಆಣೆಯಲ್ಲಿ. ಒಂದು ಸರಪಳಿ 33 ಅಡಿ, ಅದನ್ನು 16 ಆಣೆಯಾಗಿ ಭಾಗಿಸಿದರೆ ಒಂದಾಣೆಗೆ ಎರಡು ಅಡಿಗಿಂತ ಕೂದಲೆಳೆ ಹೆಚ್ಚು. 33 ಅಡಿಗೆ 33 ಅಡಿಯ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದೆಕರೆ, 43,560 ಚದರಡಿ. ಸರ್ವೆಯರ್ ಮಾಡಬೇಕಾದ ಕೆಲಸವೆಂದರೆ ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮನಕ್ಷೆ, ಪೋಡಿ (ಸರ್ವೆ ನಂಬರನ್ನು ಅಳೆದು ತುಂಡು ಮಾಡಿದ) ದಾಖಲೆಗಳ ದೃಢೀಕೃತ ನಕಲು ತೆಗೆಸಿ, ಅದನ್ನು ಪಹಣಿ ಮತ್ತು ಕ್ರಯಪತ್ರದ ಚೆಕ್ಕುಬಂದಿಯ ಪಕ್ಕದಲ್ಲಿಟ್ಟು, ಮೂರನೆಯದಾಗಿ ನೆಲದ ಮೇಲೆ ಈಗಿರುವ ಬೇಲಿ, ಕಾಂಪೌಂಡಿನ ಅಳತೆಯನ್ನು ಅದರ ಮೇಲೆ ಕೂರಿಸಿ ತೋರಿಸುವುದು. ಮೂರೂ ಒಂದಕ್ಕೊಂದು ಹೊಂದಿದ ಜಾಗ ಅಪರೂಪ. ಎಷ್ಟು ವ್ಯತ್ಯಾಸ, ಯಾವ ಮೂಲೆಯಲ್ಲಿ, ಯಾರ ಕಡೆಗೆ ಎಂದು ಅವರು ಬರೆದುಕೊಡಬೇಕು.

ಕೆಡುವುದು ಎರಡು ಕಡೆ. ಒಂದು, ಖರಾಬು. ಪಹಣಿಯಲ್ಲಿ 2 ಎಕರೆ 6 ಗುಂಟೆ ಎಂದಿರುತ್ತದೆ, ಅದರೊಳಗೆ 6 ಗುಂಟೆ ಖರಾಬು ಎಂದು ಸಣ್ಣ ಕಾಲಂನಲ್ಲಿ ಬರೆದಿರುತ್ತದೆ. ಅದು ‘ಎ’ ಖರಾಬಾದರೆ ಬೇಸಾಯಕ್ಕೆ ಬಾರದ ನೆಲವೆಂದು ಅರ್ಥ, ಹಿಡುವಳಿದಾರರದ್ದೇ. ‘ಬಿ’ ಖರಾಬಾದರೆ ಹಳ್ಳ, ಬಂಡಿದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು, ಸರ್ಕಾರದ್ದು. ಆ 6 ಗುಂಟೆ 6,534 ಚದರಡಿ, ಎಫ್‌ಎಆರ್ (ಜಾಗದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) 2.25 ಎಂದಿಟ್ಟುಕೊಂಡರೆ ಸುಮಾರು 14,700 ಚದರಡಿ ಕಟ್ಟಡ. ಒಂದಕ್ಷರದ ಮೇಲೆ ಹತ್ತಾರು ಫ್ಲ್ಯಾಟು ನಿಂತಿರುತ್ತದೆ. ಎರಡು, ಪೋಡಿಯಾಗದ ಸರ್ವೆ ನಂಬರು. ಒಂದೇ ನಂಬರಿನಲ್ಲಿ ಐದಾರು ಖಾತೆದಾರರಿದ್ದಾಗ ಪಹಣಿ ಪ್ರತಿಯೊಬ್ಬರ ವಿಸ್ತೀರ್ಣ ಹೇಳುತ್ತದೆಯೇ ಹೊರತು ಯಾರ ತುಂಡು ಎಲ್ಲಿದೆ ಎಂದು ಹೇಳುವುದಿಲ್ಲ. ರಸ್ತೆ ಬದಿಯ ತುಂಡು ತಮ್ಮದೆಂದು ಎಲ್ಲರೂ ನಂಬಿಕೊಂಡು ಬಂದಿರುತ್ತಾರೆ. ಬಿಲ್ಡರ್ ನೆಲ ಅಗೆದ ದಿನ ಪಕ್ಕದವರು ತಡೆಯಾಜ್ಞೆ ತರುತ್ತಾರೆ. ಪೋಡಿ, ಹದ್ದುಬಸ್ತು (ಗಡಿ ಗುರುತಿಸುವಿಕೆ) ಮುಗಿಸಿಕೊಳ್ಳದೆ ಜಂಟಿ ಅಭಿವೃದ್ಧಿ ಕರಾರಿಗೆ ಕೂರಿಸುವ ತಂಡದ ಮೇಲೆ ನನಗೆ ನಂಬಿಕೆ ಇಲ್ಲ.

ಇದೇ ಸರ್ವೆಯರ್ ರಾಜಕಾಲುವೆಯನ್ನೂ, ಅಂದರೆ ಮಳೆನೀರು ಹರಿಯುವ ಕಾಲುವೆಯನ್ನೂ, ಗುರುತಿಸಬೇಕು. 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಮಧ್ಯದಿಂದ 50, 25, 15 ಮೀಟರ್, ಕೆರೆಗೆ 30 ಮೀಟರ್ ಬಿಡಬೇಕೆಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಅಂಚಿನಿಂದ 50, 35, 25 ಮೀಟರ್ ಎಂದು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳ ತೆಗೆದುಹಾಕಿತು. ಅಳತೆಯ ಮೊತ್ತವಷ್ಟೇ ಅಲ್ಲ, ಮಧ್ಯದಿಂದಲೋ ಅಂಚಿನಿಂದಲೋ ಎಂಬುದರಲ್ಲೂ ಇಷ್ಟು ಬದಲಾವಣೆ ಆಗಿರುವಾಗ, ಯಾವ ದಿನಾಂಕದ ನಿಯಮ ಹಿಡಿದು ಗೆರೆ ಎಳೆದಿದ್ದಾರೆಂದು ನಕ್ಷೆಯ ಮೇಲೆಯೇ ಬರೆಸಿಕೊಳ್ಳಿ. ಇಂದಿನ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ತರಿಸಿಕೊಳ್ಳಿ. ಈಗ ನೀರಿಲ್ಲ, ಮುಚ್ಚಿಹೋಗಿದೆ ಎನ್ನುವ ಮಾತಿಗೆ ಕಿವಿ ಕೊಡಬೇಡಿ. ಗ್ರಾಮನಕ್ಷೆಯಲ್ಲಿದ್ದರೆ ಇದೆ ಎಂದೇ ಲೆಕ್ಕ.

ಹಕ್ಕುಪತ್ರ ಓದುವ ವಕೀಲರು

ರಿಯಲ್ ಎಸ್ಟೇಟ್ ವಕೀಲರು ಎಂದರೆ ಸಾಲದು. ಕರಾರು ಬರೆಯುವವರು ಬೇರೆ, ಕಂದಾಯ ದಾಖಲೆಯ ಜಾಡು ಹಿಡಿದು ಹಿಂದಕ್ಕೆ ಹೋಗುವವರು ಬೇರೆ. ತಂಡದಲ್ಲಿ ಇಬ್ಬರೂ ಇರಬೇಕು, ಅಥವಾ ಎರಡೂ ಬಲ್ಲವರೊಬ್ಬರು. ಉಪವಿಭಾಗಾಧಿಕಾರಿಗಳ ಮುಂದೆ, ಜಿಲ್ಲಾಧಿಕಾರಿಗಳ ಮುಂದೆ ಕಂದಾಯ ಪ್ರಕರಣ ನಡೆಸಿದ ಅನುಭವ ಇದೆಯೇ ಎಂದು ಕೇಳಿ. ಹೈಕೋರ್ಟಿನ ಹೆಸರಾಂತ ವಕೀಲರಿಗೂ ಸಾಗುವಳಿ ಚೀಟಿಯ (ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟ ಪತ್ರದ) ಷರತ್ತು ಓದುವ ಅಭ್ಯಾಸ ಇರದೇ ಹೋಗಬಹುದು.

30 ವರ್ಷದ ಋಣಭಾರ ಪತ್ರ ತೆಗೆಸಿ ‘ಟೈಟಲ್ ಕ್ಲಿಯರ್’ ಎನ್ನುವುದು ಬ್ಯಾಂಕಿನ ಪದ್ಧತಿ. ನಮ್ಮ ಕಡೆಯ ಜಮೀನಿಗೆ ಅದು ಸಾಲದು. ಜಾಗ ಮೂಲತಃ ಮಂಜೂರಾತಿಯದಾಗಿದ್ದರೆ, ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಮಂಜೂರಾತಿಯ ಷರತ್ತು ಮುರಿದು ಆದ ಮಾರಾಟ ಅಸಿಂಧು. ಆಮೇಲೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಕುಟುಂಬಕ್ಕೆ ಮರಳಬಹುದು. 2023ರ ತಿದ್ದುಪಡಿ ಬಂದ ಮೇಲೆ ಕಾಲ ಮೀರಿದೆ ಎಂಬ ವಾದವನ್ನಷ್ಟೇ ನಂಬಿ ಕೂರುವಂತಿಲ್ಲ. ಆದ್ದರಿಂದ ವಕೀಲರ ವರದಿ 30 ವರ್ಷದ ಗೆರೆಯಲ್ಲಿ ನಿಲ್ಲದೆ ಮೂಲ ಮಂಜೂರಾತಿ ಕಡತದವರೆಗೂ ಹೋಗಬೇಕು. ಅದೇ ರೀತಿ ಇನಾಂ ಜಮೀನಾಗಿತ್ತೇ, 1974ರ ನಂತರ ಗೇಣಿದಾರರು ಒಡೆತನ ಕೇಳಿ ಫಾರಂ 7 ಹಾಕಿದ್ದರೇ, ಭೂನ್ಯಾಯಮಂಡಳಿಯ ಆದೇಶ ಏನಾಯಿತು ಎಂಬುದೂ ವರದಿಯಲ್ಲಿ ಬರಬೇಕು.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಎಷ್ಟೋ ಕರಾರು ಮುರಿದುಬೀಳುತ್ತವೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಾಲು ಬಂದಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ಭಾಗಗಳಿಗೆ ಸಾಮಾನ್ಯವಾಗಿ ರಕ್ಷಣೆ. ಹಾಗಾಗಿ ವಂಶವೃಕ್ಷದಲ್ಲಿ ಗಂಡುಮಕ್ಕಳ ಹೆಸರಷ್ಟೇ ಇದ್ದರೆ ವಕೀಲರು ಅಲ್ಲೇ ನಿಲ್ಲಬೇಕು. ‘ಅವರೆಲ್ಲ ಮದುವೆಯಾಗಿ ಹೋಗಿದ್ದಾರೆ, ತಕರಾರಿಲ್ಲ’ ಎಂಬ ಬಾಯಿಮಾತು ಬೇಡ. ಅವರನ್ನೂ ಕರಾರಿನಲ್ಲಿ ಪಕ್ಷಗಾರರಾಗಿ ಸೇರಿಸಿ ಪಾಲು ಕೊಡುವುದು ನ್ಯಾಯ, ಜಾಣತನವೂ ಹೌದು. ಅವರು ತಾವಾಗಿ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರವೇ ಆಗಬೇಕು.

ಋಣಭಾರ ಪತ್ರದಲ್ಲಿ ನೋಂದಣಿಯಾದದ್ದು ಮಾತ್ರ ಕಾಣುತ್ತದೆ. ಸಿವಿಲ್ ದಾವೆ, ಕಂದಾಯ ನ್ಯಾಯಾಲಯದ ಪ್ರಕರಣ, ಭೂಸ್ವಾಧೀನದ ಅಧಿಸೂಚನೆ ಇವನ್ನು ಬೇರೆ ಬೇರೆಯಾಗಿ ಹುಡುಕಬೇಕು. ಬಿಡಿಎ ಕಾಯ್ದೆಯ 17 ಮತ್ತು 19ನೇ ಕಲಮಿನ ಅಧಿಸೂಚನೆ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) 28(1) ಮತ್ತು 28(4)ರ ಅಧಿಸೂಚನೆಗಳಲ್ಲಿ ನಿಮ್ಮ ಸರ್ವೆ ನಂಬರು ಇಲ್ಲವೆಂದು ವಕೀಲರು ಪರಿಶೀಲಿಸಿ ಬರೆಯಬೇಕು. ಅರ್ಕಾವತಿ, ಶಿವರಾಮ ಕಾರಂತ ಬಡಾವಣೆಗಳ ಆಸುಪಾಸಿನಲ್ಲಿ, ಪೆರಿಫೆರಲ್ ವರ್ತುಲ ರಸ್ತೆಯ ಜಾಡಿನಲ್ಲಿ ಈ ಒಂದು ಸಾಲಿಗೆ ಮಿಕ್ಕ ಇಡೀ ವರದಿಯಷ್ಟು ತೂಕ.

ರಸ್ತೆಯ ಅಗಲ ಮತ್ತು 15 ಕೋಟಿ

ವಾಸ್ತುಶಿಲ್ಪಿ ಮತ್ತು ನಗರ ಯೋಜಕರು ಒಂದೇ ಎಂದುಕೊಳ್ಳುವವರು ಬಹಳ. ಐದು ವರ್ಷದ ಬಿಆರ್ಕ್ ಓದಿ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಕಟ್ಟಡ ವಿನ್ಯಾಸ ಮಾಡುತ್ತಾರೆ. ಯೋಜನಾ ಶಾಸ್ತ್ರದಲ್ಲಿ ಪದವಿ ಮಾಡಿದವರು, ಅಂದರೆ ದೆಹಲಿಯ ಎಸ್‌ಪಿಎ, ಅಹಮದಾಬಾದಿನ ಸೆಪ್ಟ್‌ನಂಥ ಕಡೆ ಓದಿದವರು ಅಥವಾ ನಗರ ಯೋಜನಾ ಇಲಾಖೆಯಲ್ಲಿ ಕೆಲಸ ಮಾಡಿದವರು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಮಹಾಯೋಜನೆಯ ವಲಯ ನಿಯಮ ಓದಿ, ಆ ಜಾಗದಲ್ಲಿ ಏನನ್ನು ಎಷ್ಟು ಕಟ್ಟಬಹುದೆಂದು ಹೇಳುತ್ತಾರೆ. ಮೊದಲು ಬೇಕಾದವರು ಈ ಎರಡನೆಯವರು. ಚಂದದ ಚಿತ್ರ ಆಮೇಲೆ ಬರಲಿ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಲೆಕ್ಕದ ದಾರಿ ನಿಜವಾದದ್ದು. 2 ಎಕರೆ ಎಂದರೆ 87,120 ಚದರಡಿ. ರಸ್ತೆ ಅಗಲೀಕರಣಕ್ಕೆ 7,120 ಹೋಗಿ 80,000 ಉಳಿಯಿತು. ಬೆಂಗಳೂರಿನಲ್ಲಿ ಎಫ್‌ಎಆರ್ ನಿರ್ಧಾರವಾಗುವುದು ಜಾಗದ ವಿಸ್ತೀರ್ಣ ಮತ್ತು ಮುಂದಿನ ರಸ್ತೆಯ ಅಗಲದ ಮೇಲೆ. 2.25 ಸಿಕ್ಕರೆ 1,80,000 ಚದರಡಿ. ಬಾಲ್ಕನಿ, ಸಾಮಾನ್ಯ ಜಾಗ ಸೇರಿ ಮಾರಾಟದ ವಿಸ್ತೀರ್ಣ ಅದರ 1.25 ಪಟ್ಟು ಎಂದರೆ 2,25,000. ಜಾಗದವರ ಪಾಲು ಶೇಕಡ 40, ಅಂದರೆ 90,000 ಚದರಡಿ. ಈಗ ರಸ್ತೆ ಅಷ್ಟು ಅಗಲವಿಲ್ಲ, 1.75 ಮಾತ್ರ ಸಿಕ್ಕಿತು ಅನ್ನಿ. 1,40,000, ಮಾರಾಟಕ್ಕೆ 1,75,000, ನಿಮ್ಮ ಪಾಲು 70,000. ವ್ಯತ್ಯಾಸ 20,000 ಚದರಡಿ. ಚದರಡಿಗೆ 7,500 ರೂಪಾಯಿಯಂತೆ 15 ಕೋಟಿ. ಪಾಲು ಶೇಕಡ 40 ಬೇಕೋ 42 ಬೇಕೋ ಎಂದು ತಿಂಗಳುಗಟ್ಟಲೆ ಜಗ್ಗಾಡುವ ಕುಟುಂಬಗಳು ಟೇಪು ಹಿಡಿದು ರಸ್ತೆ ಅಳೆಸುವುದಿಲ್ಲ.

ಹಾಗಾದರೆ ಯೋಜಕರು ರಸ್ತೆಯನ್ನು ಹೇಗೆ ಅಳೆಯಬೇಕು? ಜಾಗದ ಮುಂದೆ ಮಾತ್ರವಲ್ಲ, ಅದು ಮುಖ್ಯರಸ್ತೆಗೆ ಸೇರುವವರೆಗೂ ಅಲ್ಲಲ್ಲಿ ಅಳೆದು, ಎಲ್ಲಿ ಕಿರಿದಾಗಿದೆ, ಯಾವ ಅಂಗಡಿ ಮುಂದೆ ಬಂದಿದೆ, ಕಂದಾಯ ದಾಖಲೆಯ ಪ್ರಕಾರ ಅದು ಸಾರ್ವಜನಿಕ ರಸ್ತೆಯೋ ಖಾಸಗಿ ದಾರಿಯೋ ಎಂದು ಬರೆಯಬೇಕು. ಮಹಾಯೋಜನೆಯಲ್ಲಿ ಪ್ರಸ್ತಾಪಿಸಿದ ಅಗಲವನ್ನೇ ಈಗಿರುವ ಅಗಲ ಎಂಬಂತೆ ತೋರಿಸುವ ಫೀಸಿಬಿಲಿಟಿ ವರದಿಗಳು ಇರುತ್ತವೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಕೇಳಿ. ಮತ್ತೊಂದು ವಿಷಯ: ಅವರು ಮಂಜೂರಾತಿ ಪಡೆದದ್ದು ಯಾವ ಪ್ರಾಧಿಕಾರದಲ್ಲಿ? ಬಿಡಿಎ ವ್ಯಾಪ್ತಿಯ ಅನುಭವ ದೇವನಹಳ್ಳಿ ಕಡೆಯ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರದಲ್ಲಿ, ಆನೇಕಲ್ ಅಥವಾ ಹೊಸಕೋಟೆಯಲ್ಲಿ ಹಾಗೆಯೇ ನಡೆಯುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಜಾಗ ಯಾವುದರಡಿ ಬರುತ್ತದೆ, ಖಾತೆ ಎಲ್ಲಿದೆ ಎಂಬುದನ್ನೂ ಈ ಹಂತದಲ್ಲೇ ಖಚಿತಪಡಿಸಿಕೊಳ್ಳಬೇಕು.

ನೆಲದ ಕೆಳಗಿನದು

ಮಣ್ಣು ಪರೀಕ್ಷೆ ಬಿಲ್ಡರ್ ಮಾಡಿಸಿಕೊಳ್ಳಲಿ ಬಿಡಿ ಎನ್ನುವವರಿದ್ದಾರೆ. ಪಾಲು ನಿಗದಿಯಾಗುವುದು ಖರ್ಚಿನ ಮೇಲೆ, ಖರ್ಚು ನೆಲದ ಮೇಲೆ. ಆದ್ದರಿಂದ ಕರಾರಿಗೆ ಮೊದಲೇ ನಾಲ್ಕಾರು ಬೋರ್‌ಹೋಲ್ ಹಾಕಿಸುವುದು ಲಾಭ. ಇದಕ್ಕೆ ಜಿಯೊಟೆಕ್ನಿಕಲ್ ವಿಷಯದಲ್ಲಿ ಎಂಟೆಕ್ ಮಾಡಿದ ಸಿವಿಲ್ ಎಂಜಿನಿಯರ್ ಬೇಕು. ಐಎಸ್ 2131ರ ಪರೀಕ್ಷೆಯಲ್ಲಿ 63.5 ಕಿಲೊ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ ಮೊದಲ 15 ಸೆಂಟಿಮೀಟರ್ ಇಳಿದದ್ದನ್ನು ಬಿಟ್ಟು ಮುಂದಿನ 30 ಸೆಂಟಿಮೀಟರ್‌ಗೆ ಎಷ್ಟು ಏಟು ಬೇಕಾಯಿತೋ ಅದೇ ‘ಎನ್’ ಮೌಲ್ಯ. ಅಂಕಿ ತೀರಾ ಕಡಿಮೆ ಇದ್ದರೆ ಹಳೆಯ ಕೆರೆಯಂಗಳವೋ ತುಂಬಿಸಿದ ಮಣ್ಣೋ ಇರಬಹುದು, ಪೈಲ್ (ಆಳಕ್ಕಿಳಿಸುವ ಕಂಬದ ಅಡಿಪಾಯ) ಬೇಕಾಗಬಹುದು. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ; ಈ ಊರಲ್ಲಿ ಮೇಲುನೋಟಕ್ಕೆ ನೆಲದ ಹಿಂದಿನ ಕಥೆ ತಿಳಿಯುವುದಿಲ್ಲ. ಇನ್ನೊಂದು ತುದಿ, ಮೂರು ಮೀಟರ್‌ಗೇ ಗಟ್ಟಿ ಬಂಡೆ ಸಿಗುವುದು. ಅಡಿಪಾಯಕ್ಕೆ ಒಳ್ಳೆಯದು, ಎರಡು ನೆಲಮಾಳಿಗೆ ಪಾರ್ಕಿಂಗ್‌ಗೆ ಕೆಟ್ಟದ್ದು. ಸುತ್ತ ಮನೆಗಳಿದ್ದ ಕಡೆ ಸಿಡಿಮದ್ದು ಇಟ್ಟು ಒಡೆಯುವಂತಿಲ್ಲ, ಬ್ರೇಕರ್ ಹಾಕಿಯೋ ರಾಸಾಯನಿಕ ತುಂಬಿಯೋ ನಿಧಾನವಾಗಿ ಒಡೆಯಬೇಕು. ಆ ಖರ್ಚು ಆಮೇಲೆ ಗೊತ್ತಾದರೆ ಬಿಲ್ಡರ್ ಪಾಲಿನ ಮಾತು ಮತ್ತೆ ತೆಗೆಯುತ್ತಾರೆ.

ಪರಿಸರದ ಸಲಹೆಗಾರರು ಭಾರತೀಯ ಗುಣಮಟ್ಟ ಮಂಡಳಿಯ (ಕ್ಯೂಸಿಐ-ನ್ಯಾಬೆಟ್) ಮಾನ್ಯತೆ ಪಡೆದವರಾಗಿರಬೇಕು. ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್, ಅಂದರೆ ಸುಮಾರು 2,15,000 ಚದರಡಿ ಮುಟ್ಟಿದರೆ ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪರಿಸರ ಅನುಮತಿ ಬೇಕು. ಮೇಲಿನ ಉದಾಹರಣೆಯ ಯೋಜನೆ ನೆಲಮಾಳಿಗೆ ಸೇರಿದರೆ ಈ ಗಡಿ ದಾಟುತ್ತದೆ. ಅನುಮತಿ ಬರುವ ಮುನ್ನ ನೆಲ ಅಗೆಯುವಂತಿಲ್ಲವಾದ್ದರಿಂದ ಆ ತಿಂಗಳುಗಳನ್ನು ವೇಳಾಪಟ್ಟಿಯಲ್ಲಿ ತೋರಿಸಿರಬೇಕು.

ಅಗ್ನಿಶಾಮಕ, ವಿಮಾನ ನಿಲ್ದಾಣ ಪ್ರಾಧಿಕಾರ, ಜಲಮಂಡಳಿ, ಬೆಸ್ಕಾಂ, ಮಾಲಿನ್ಯ ನಿಯಂತ್ರಣ ಮಂಡಳಿ, ಇವಕ್ಕೆಲ್ಲ ಓಡಾಡುವ ಒಬ್ಬರು ತಂಡದಲ್ಲಿ ಇದ್ದೇ ಇರುತ್ತಾರೆ. ಅವರ ಅರ್ಹತೆಗೆ ಅಳತೆಗೋಲು ಸುಲಭ: ಪ್ರತಿ ಇಲಾಖೆಗೆ ಯಾವ ಅರ್ಜಿ, ಯಾವ ನಕ್ಷೆ, ಎಷ್ಟು ಶುಲ್ಕ, ರಸೀದಿ ಯಾರ ಹೆಸರಿಗೆ ಎಂಬ ಪಟ್ಟಿಯನ್ನು ಮೊದಲ ವಾರವೇ ಕೊಡಬಲ್ಲರೇ? ‘ನಮಗೆ ಒಳಗೆ ಪರಿಚಯವಿದೆ’ ಎನ್ನುವುದು ಅರ್ಹತೆಯಲ್ಲ.

ಹಣದ ಲೆಕ್ಕ ಹಾಕುವವರು

ಇಲ್ಲಿ ಮೂರು ಕಸುಬು ಸೇರಿವೆ. ಮೌಲ್ಯಮಾಪಕರು, ಯೋಜನೆಯ ಹಣಕಾಸು ಮಾದರಿ ಮಾಡುವವರು, ತೆರಿಗೆ ನೋಡುವ ಲೆಕ್ಕಪರಿಶೋಧಕರು.

ಕಂಪನಿ ಕಾಯ್ದೆಯ 247ನೇ ಕಲಮಿನಡಿ ನೋಂದಣಿಯಾಗಲು, ಭೂಮಿ ಮತ್ತು ಕಟ್ಟಡದ ವರ್ಗಕ್ಕೆ ಸಿವಿಲ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯಲ್ಲಿ ಪದವಿ ಮತ್ತು 5 ವರ್ಷದ ಅನುಭವ, ಸ್ನಾತಕೋತ್ತರವಾದರೆ 3 ವರ್ಷದ ಅನುಭವ ಬೇಕು. ಆಮೇಲೆ ತರಬೇತಿ, ಪರೀಕ್ಷೆ. ಇಂಥವರಿಂದ ಉಳಿಕೆ ಮೌಲ್ಯದ ಲೆಕ್ಕ ಹಾಕಿಸಿ. ಮಾರಾಟದಿಂದ ಬರುವ ಹಣದಲ್ಲಿ ನಿರ್ಮಾಣ, ಮಂಜೂರಾತಿ, ಬಡ್ಡಿ, ಮಾರಾಟದ ಖರ್ಚು, ಬಿಲ್ಡರ್‌ನ ಲಾಭ ಕಳೆದು ಉಳಿದದ್ದು ಜಾಗದ ಬೆಲೆ. ಪಾಲಿನ ಶೇಕಡಾವಾರು ಅದರಿಂದ ಹುಟ್ಟಬೇಕು. ಪಕ್ಕದ ಜಾಗದವರಿಗೆ 40 ಕೊಟ್ಟರು, ನಮಗೂ 40 ಎನ್ನುವುದು ಲೆಕ್ಕವಲ್ಲ.

ಮೇಲಿನ ಉದಾಹರಣೆಯನ್ನೇ ಬಿಲ್ಡರ್ ಕಡೆಯಿಂದ ನೋಡಿ. ಅವರ 1,35,000 ಚದರಡಿ 7,500ರಂತೆ 101.25 ಕೋಟಿ. ಇಡೀ 2,25,000 ಚದರಡಿ ಕಟ್ಟುವ ಖರ್ಚು 3,500ರಂತೆ 78.75 ಕೋಟಿ. ಮಂಜೂರಾತಿ, ಶುಲ್ಕಗಳಿಗೆ ಚದರಡಿಗೆ 300 ಎಂದರೆ 6.75 ಕೋಟಿ, ಮಾರಾಟಕ್ಕೆ ಶೇಕಡ 4 ಎಂದರೆ 4.05 ಕೋಟಿ. ಉಳಿದದ್ದು 11.7 ಕೋಟಿ. 30 ಕೋಟಿ ಸಾಲಕ್ಕೆ ಶೇಕಡ 14ರ ಬಡ್ಡಿ ವರ್ಷಕ್ಕೆ 4.2 ಕೋಟಿ. ಒಂದು ವರ್ಷ ತಡವಾಗಿ, ಅಷ್ಟರಲ್ಲಿ ಕಟ್ಟುವ ಖರ್ಚು ಶೇಕಡ 5 ಏರಿದರೆ ಇನ್ನೊಂದು 3.94 ಕೋಟಿ. ಎರಡೂ ಸೇರಿ 8.14 ಕೋಟಿ. 11.7ರಲ್ಲಿ ಉಳಿದದ್ದು ಮೂರೂವರೆ ಕೋಟಿ. ತೀರಾ ಹೆಚ್ಚಿನ ಪಾಲಿಗೆ ಒಪ್ಪಿಕೊಂಡ ಬಿಲ್ಡರ್ ಅರ್ಧಕ್ಕೆ ಕೆಲಸ ನಿಲ್ಲಿಸುವುದು ಇದಕ್ಕೇ. ಜಾಗದವರ ಸಲಹೆಗಾರರು ಬಿಲ್ಡರ್‌ನ ಲಾಭವನ್ನೂ ಲೆಕ್ಕ ಹಾಕಿ ತೋರಿಸಬೇಕು. ಅದು ಉಸಿರಾಡುವಷ್ಟಾದರೂ ಇದ್ದರೆ ಮಾತ್ರ ನಿಮ್ಮ ಫ್ಲ್ಯಾಟಿಗೆ ಬೀಗದ ಕೈ ಸಿಗುತ್ತದೆ.

ಮಾರಾಟದ ದರ ಎಲ್ಲಿಂದ ತಂದಿರಿ ಎಂದೂ ಕೇಳಿ. ಜಾಹೀರಾತಿನ ದರ ಬೇಡ. ಸುತ್ತಲಿನ ಯೋಜನೆಗಳಲ್ಲಿ ಎಷ್ಟು ಮಾರಾಟವಾಗಿದೆ, ಎಷ್ಟು ಉಳಿದಿದೆ ಎಂದು ಬಿಲ್ಡರ್‌ಗಳು ರೇರಾ ಜಾಲತಾಣದಲ್ಲಿ ಮೂರು ತಿಂಗಳಿಗೊಮ್ಮೆ ಹಾಕಲೇಬೇಕು. ಅದನ್ನು ತಾಳೆ ನೋಡಿದವರೇ ಮಾರುಕಟ್ಟೆ ಬಲ್ಲವರು.

ತೆರಿಗೆಯ ವಿಷಯಕ್ಕೆ ಬಂದರೆ, ಜಂಟಿ ಅಭಿವೃದ್ಧಿಯ ಕಡತ ನೋಡಿರುವ ಲೆಕ್ಕಪರಿಶೋಧಕರೇ ಬೇಕು, ಮನೆಯ ರಿಟರ್ನ್ ತುಂಬುವವರಿಂದ ಆಗದು. 1961ರ ಆದಾಯ ತೆರಿಗೆ ಕಾಯ್ದೆಗೆ 2017ರಲ್ಲಿ ಸೇರಿದ 45(5ಎ) ಕಲಮಿನ ಪ್ರಕಾರ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬಕ್ಕೆ ಬಂಡವಾಳ ಲಾಭದ ತೆರಿಗೆ ಬರುವುದು ಕರಾರಿನ ವರ್ಷದಲ್ಲಲ್ಲ, ಕಟ್ಟಡ ಪೂರ್ತಿ ಅಥವಾ ಭಾಗಶಃ ಮುಗಿದ ಪ್ರಮಾಣಪತ್ರ ಬಂದ ವರ್ಷದಲ್ಲಿ. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ. ಷರತ್ತುಗಳು ಮುಖ್ಯ: ಕರಾರು ನೋಂದಣಿಯಾಗಿರಬೇಕು, ಪ್ರಮಾಣಪತ್ರ ಬರುವ ಮೊದಲೇ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ಹೋಗುತ್ತದೆ, ಮಾರಿದ ವರ್ಷವೇ ತೆರಿಗೆ. ಮಗಳ ಮದುವೆಗೆಂದು ಒಂದು ಫ್ಲ್ಯಾಟನ್ನು ಮೊದಲೇ ಮಾರಿಬಿಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮೊತ್ತ ನೋಡಿ. ಪ್ರಮಾಣಪತ್ರದ ದಿನ ಸರ್ಕಾರದ ಮಾರ್ಗಸೂಚಿ ಬೆಲೆ ಚದರಡಿಗೆ 5,000 ಇದ್ದರೆ 90,000 ಚದರಡಿಗೆ 45 ಕೋಟಿ. ಜಾಗದ ಮೂಲ ಬೆಲೆ ಕಳೆಯುವ ಮುನ್ನ ಶೇಕಡ 12.5ರಂತೆ 5.6 ಕೋಟಿ, ಸರ್‌ಚಾರ್ಜ್, ಸೆಸ್ ಬೇರೆ. ಫ್ಲ್ಯಾಟು ಇನ್ನೂ ಒಂದೂ ಮಾರಿರುವುದಿಲ್ಲ, ತೆರಿಗೆ ಕಟ್ಟುವ ದಿನ ಬಂದಿರುತ್ತದೆ. ಪಿತ್ರಾರ್ಜಿತ ಜಾಗಕ್ಕೆ 2001ರ ಏಪ್ರಿಲ್ 1ರ ಬೆಲೆಯನ್ನು ಮೌಲ್ಯಮಾಪಕರಿಂದ ಮೊದಲೇ ತೆಗೆಸಿಟ್ಟುಕೊಳ್ಳಬೇಕು. 2024ರ ಜುಲೈ 23ಕ್ಕೆ ಮೊದಲೇ ನಿಮ್ಮದಾಗಿದ್ದ ಜಾಗವಾದರೆ ಬೆಲೆಯೇರಿಕೆಯ ಸೂಚ್ಯಂಕ ಸೇರಿಸಿ ಶೇಕಡ 20, ಸೇರಿಸದೆ ಶೇಕಡ 12.5, ಎರಡನ್ನೂ ಲೆಕ್ಕ ಹಾಕಿ ಕಡಿಮೆಯಾದದ್ದನ್ನು ಹಿಡಿಯಬೇಕು. ಪಾಲಿಗೆ ಬಂದ ಹಲವು ಫ್ಲ್ಯಾಟುಗಳಿಗೆ ಒಟ್ಟಿಗೆ ವಿನಾಯಿತಿ ಸಿಗುತ್ತದೆಂದು 2010ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದನ್ನು ಈಗಲೂ ಉದಾಹರಿಸುವವರಿದ್ದಾರೆ. 2014ರ ತಿದ್ದುಪಡಿ ಅದನ್ನು ‘ಒಂದು ವಾಸದ ಮನೆ’ಗೆ ಇಳಿಸಿದೆ. ಇದನ್ನು ತಿಳಿಯದ ಸಲಹೆಗಾರರನ್ನು ಬಿಟ್ಟುಬಿಡಿ.

ಜಿಎಸ್‌ಟಿ ಇನ್ನೊಂದು. ನಿಮ್ಮ ಪಾಲಿನ ಫ್ಲ್ಯಾಟುಗಳನ್ನು ಕಟ್ಟಿಕೊಡುವುದು ಕೂಡ ಬಿಲ್ಡರ್ ನಿಮಗೆ ಕೊಡುವ ಸೇವೆ. ಸಾಮಾನ್ಯ ವಸತಿ ಫ್ಲ್ಯಾಟಿಗೆ ಶೇಕಡ 5ರ ಆ ತೆರಿಗೆಯನ್ನು ಯಾರು ಹೊರಬೇಕು ಎಂದು ಕರಾರಿನಲ್ಲಿ ಬರೆಯದಿದ್ದರೆ ಕೊನೆಗೆ ಬಿಲ್ ಬರುವುದು ನಿಮ್ಮ ಹೆಸರಿಗೆ.

ಕಟ್ಟುವಾಗ ನಿಮ್ಮ ಕಡೆಯವರು

ಎಷ್ಟೋ ತಂಡಗಳ ಕೆಲಸ ಕರಾರಿಗೆ ಸಹಿ ಬಿದ್ದ ದಿನ ಮುಗಿಯುತ್ತದೆ. ಅಲ್ಲಿಂದಾಚೆಗೂ ಇಬ್ಬರು ಬೇಕು. ಒಬ್ಬರು ಕರಾರು ಬರೆದ ವಕೀಲರು: ನಕ್ಷೆ ಮಂಜೂರಾದ ಕೂಡಲೇ ಯಾವ ಮಹಡಿಯ ಯಾವ ನಂಬರಿನ ಫ್ಲ್ಯಾಟು, ಯಾವ ಪಾರ್ಕಿಂಗ್ ಯಾರಿಗೆ ಎಂಬ ಹಂಚಿಕೆ ಕರಾರು ಮಾಡಿಸಬೇಕು, ಬಿಲ್ಡರ್‌ಗೆ ಕೊಡುವ ಅಧಿಕಾರಪತ್ರ (ಜಿಪಿಎ) ಅವರ ಪಾಲಿನ ಮಾರಾಟಕ್ಕಷ್ಟೇ ಸೀಮಿತವಾಗಿರಬೇಕು, ನಿಮ್ಮ ಪಾಲನ್ನು ಅಡವಿಡುವ ಅಧಿಕಾರ ಅದರಲ್ಲಿ ನುಸುಳಿರಬಾರದು. ಇನ್ನೊಬ್ಬರು ಸಿವಿಲ್ ಎಂಜಿನಿಯರ್, ನಿರ್ಮಾಣ ಸ್ಥಳದಲ್ಲಿ ಹತ್ತು ಹದಿನೈದು ವರ್ಷ ನಿಂತು ಕೆಲಸ ಮಾಡಿಸಿದವರು: ತಿಂಗಳಿಗೊಮ್ಮೆ ಕಾಂಕ್ರೀಟಿನ ಗಟ್ಟಿತನ ಅಳೆಯುವ ಕ್ಯೂಬ್ ಪರೀಕ್ಷೆಯ ವರದಿ, ಮಂಜೂರಾದ ನಕ್ಷೆಗೂ ಕಟ್ಟುತ್ತಿರುವುದಕ್ಕೂ ಇರುವ ವ್ಯತ್ಯಾಸ ನೋಡಬೇಕು. ಸೆಟ್‌ಬ್ಯಾಕಿನಲ್ಲಿ ಅರ್ಧ ಮೀಟರ್ ಮುಂದೆ ಬಂದದ್ದು ಸ್ವಾಧೀನಾನುಭವ ಪತ್ರ ಕೇಳುವಾಗ ಎದುರಿಗೆ ನಿಲ್ಲುತ್ತದೆ. ಆ ಪತ್ರವಿಲ್ಲದೆ ನೀರು, ವಿದ್ಯುತ್ತಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಹಗುರವಾಗಿ ಬಿಡುವ ಮಾತಲ್ಲ.

ರೇರಾದಲ್ಲಿ ಗ್ರಾಹಕರಿಂದ ಬಂದ ಹಣದ ಶೇಕಡ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಅದನ್ನು ತೆಗೆಯಲು ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಮೂವರ ಪ್ರಮಾಣಪತ್ರ ಬೇಕು. ಅವುಗಳ ನಕಲು ನಿಮಗೂ ಬರಬೇಕೆಂದು ಕರಾರಿನಲ್ಲಿ ಹಾಕಿಸಿ. ಕಟ್ಟುವವರು, ಮಾರುವವರು ಬೇರೆ ಬೇರೆಯಾಗಿದ್ದರೆ ಇಬ್ಬರನ್ನೂ ಪ್ರವರ್ತಕರೆಂದೇ ಕಾಯ್ದೆ ಎಣಿಸುತ್ತದೆ. ನಿಮ್ಮ ಪಾಲನ್ನು ನೀವು ಮಾರುವಾಗ ಖರೀದಿದಾರರಿಗೆ ನೀವೂ ಉತ್ತರದಾಯಿ.

ಸಂಭಾವನೆ ಯಾರ ಕೈಯಿಂದ

ಬಯೋಡೇಟಾದಲ್ಲಿ ಬರೆಯದ ಒಂದು ಸಂಗತಿ ಇದೆ: ತಂಡಕ್ಕೆ ಹಣ ಕೊಡುವವರು ಯಾರು? ಕರಾರು ಕುದುರಿದರೆ ಮಾತ್ರ ಶೇಕಡಾವಾರು ಕಮಿಷನ್ ಎಂದಿದ್ದರೆ ‘ಈ ಜಾಗಕ್ಕೆ ಈಗ ಕೈಹಾಕಬೇಡಿ’ ಎಂದು ಅವರು ಹೇಳುವ ಸಂಭವ ಕಡಿಮೆ. ಬಿಲ್ಡರ್ ಕಡೆಯಿಂದಲೂ ಅವರಿಗೆ ಹಣ ಬರುವುದಾದರೆ ಅವರು ನಿಮ್ಮ ಸಲಹೆಗಾರರಲ್ಲ, ದಲ್ಲಾಳಿಗಳು. ದಲ್ಲಾಳಿ ಕೆಲಸ ತಪ್ಪಲ್ಲ, ಆದರೆ ಅದನ್ನು ಆ ಹೆಸರಿನಿಂದಲೇ ಕರೆಯಲಿ.

ಸಂಭಾವನೆಯನ್ನು ಹಂತಹಂತವಾಗಿ ಒಡೆಯಿರಿ. ಸರ್ವೆ ಮತ್ತು ಹಕ್ಕುಪತ್ರದ ವರದಿಗೆ ಒಂದು ಮೊತ್ತ, ಫಲಿತಾಂಶ ಏನೇ ಬರಲಿ. ಯೋಜನೆಯ ಲೆಕ್ಕಾಚಾರಕ್ಕೆ ಇನ್ನೊಂದು. ಬಿಲ್ಡರ್ ಆಯ್ಕೆ ಮತ್ತು ಕರಾರಿಗೆ ಮೂರನೆಯದು. ಸ್ವಾಧೀನಾನುಭವ ಪತ್ರ ಬರುವವರೆಗಿನ ಮೇಲುಸ್ತುವಾರಿಗೆ ತಿಂಗಳ ಲೆಕ್ಕ, ಅದರಲ್ಲಿ ಒಂದಂಶ ಪತ್ರ ಕೈಗೆ ಬಂದ ಮೇಲೆ ಮಾತ್ರ. ನೇಮಕಾತಿ ಪತ್ರದಲ್ಲಿ ತಂಡದ ಹೆಸರಷ್ಟೇ ಸಾಲದು. ಯಾವ ವರದಿಗೆ ಯಾರು ಸಹಿ ಮಾಡುತ್ತಾರೆಂದು ಹೆಸರು, ನೋಂದಣಿ ಸಂಖ್ಯೆ ಸಮೇತ ಇರಲಿ, ಅವರು ಬಿಟ್ಟುಹೋದರೆ ಬದಲಿಗೆ ಅದೇ ಅರ್ಹತೆಯವರು ಬರಬೇಕೆಂಬ ಸಾಲೂ ಇರಲಿ. ವೃತ್ತಿ ಹೊಣೆಗಾರಿಕೆಯ ವಿಮೆ ಇದೆಯೇ ಎಂದು ಕೇಳಿ ಪಾಲಿಸಿಯ ನಕಲು ಪಡೆಯಿರಿ. ಮೂಲ ಕ್ರಯಪತ್ರ, ವಿಭಾಗಪತ್ರ, ಸಾಗುವಳಿ ಚೀಟಿಗಳನ್ನು ಪರಿಶೀಲನೆಗೆಂದು ಬಿಟ್ಟುಬರಬೇಡಿ. ದೃಢೀಕೃತ ನಕಲು ಕೊಡಿ, ಮೂಲವನ್ನು ನಿಮ್ಮ ಮುಂದೆಯೇ ತಾಳೆ ನೋಡಲಿ. ಬಿಲ್ಡರ್‌ನ ಬ್ಯಾಂಕಿಗೆ ಮೂಲಪತ್ರ ಹೋಗಲೇಬೇಕಾದ ದಿನ ಬಂದರೆ ಯಾವ ಸಾಲಕ್ಕೆ, ಯಾರ ಪಾಲಿನ ಮೇಲೆ, ಯಾವಾಗ ವಾಪಸು ಎಂದು ಬರೆದ ರಸೀದಿಗೆ ಬ್ಯಾಂಕು, ಬಿಲ್ಡರ್ ಇಬ್ಬರ ಸಹಿ ಹಾಕಿಸಿಕೊಂಡೇ ಕೊಡಿ.